ಪಿ ಅಲೆ ಒಂದೂವರೆ ಸೆಕೆಂಡು ತಡ: ಗಡಿಯಾರ ಕೆಟ್ಟಿದೆಯೋ, ನೆಲವೇ ಹಾಗಿದೆಯೋ?

ಶಿವಮೊಗ್ಗ ಕಡೆಯ ಒಂದು ಕಾಲೇಜಿನ ಹಳೇ ಸ್ಟೋರ್ ರೂಮಿನಲ್ಲಿ ನಮ್ಮ ಸೀಸ್ಮೋಮೀಟರ್, ಅಂದರೆ ಭೂಕಂಪ ಅಳೆಯುವ ಉಪಕರಣ, ಕೂತಿದೆ. ನೆಲಕ್ಕೆ ಸಿಮೆಂಟ್ ಕಟ್ಟೆ, ಕಟ್ಟೆಯ ಮೇಲೆ ಟಿಫಿನ್ ಡಬ್ಬಿ ಗಾತ್ರದ ಉಪಕರಣ, ಅದಕ್ಕೆ ಬೋರಲು ಮುಚ್ಚಿದ ಥರ್ಮೋಕೋಲ್ ಪೆಟ್ಟಿಗೆ. ಸುತ್ತ ಕಾಲು ಮುರಿದ ಬೆಂಚುಗಳು. ಮಹಾರಾಷ್ಟ್ರದ ಕೊಯ್ನಾ ಕಡೆ ಸ್ವಲ್ಪ ದೊಡ್ಡ ಕಂಪನ ಆದರೆ ಇಲ್ಲೂ ಗೀಟು ಅಲ್ಲಾಡುತ್ತದೆ. ನಡುವೆ ಸುಮಾರು 430 ಕಿಮೀ. ಅಲ್ಲಾಡಿದಾಗ ಖುಷಿಯೇ. ಆದರೆ ಶುರುವಿನಿಂದಲೂ ಒಂದು ಕಿರಿಕಿರಿ ಇತ್ತು. ಪಿ ಅಲೆ, ಅಂದರೆ ಭೂಕಂಪದಿಂದ ಎಲ್ಲಕ್ಕಿಂತ ಮೊದಲು ಬಂದು ಮುಟ್ಟುವ ಅಲೆ, ಪ್ರತಿ ಸಲವೂ ಲೆಕ್ಕಕ್ಕಿಂತ ಒಂದೂವರೆ ಸೆಕೆಂಡು ತಡ.

ಮೊದಲ ಎರಡು ತಿಂಗಳು ನಾನು ಬೈದಿದ್ದು ಗಡಿಯಾರವನ್ನು. ಅದಕ್ಕೆ ಸಮಯ ಕೊಡುವ ಜಿಪಿಎಸ್ ಆಂಟೆನಾ ಬದಲಾಯಿಸಿದೆ. ಕೇಬಲ್ ಬದಲಾಯಿಸಿದೆ. ಆಂಟೆನಾವನ್ನು ಕಿಟಕಿಯಿಂದ ತೆಗೆದು ತಾರಸಿಗೆ ಹಾಕಿದೆ. ಒಂದೂವರೆ ಸೆಕೆಂಡು ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಗೊತ್ತಾಗಿದ್ದೇನೆಂದರೆ ಗಡಿಯಾರ ಸರಿಯಾಗೇ ಇತ್ತು. ನೆಲದ ಬಗ್ಗೆ ನಾನು ಇಟ್ಟುಕೊಂಡಿದ್ದ ಲೆಕ್ಕ ತಪ್ಪಿತ್ತು.

ಇದೇ ತೊಂದರೆ ಇರುವವರಿಗಾಗಿ ಇದನ್ನು ಬರೆದಿದ್ದೇನೆ. ನಾನು ಸುತ್ತಿ ಬಳಸಿ ಹೋದ ದಾರಿಯನ್ನು ಆದಷ್ಟು ನೇರ ಮಾಡಿದ್ದೇನೆ. ಪರೀಕ್ಷೆಗಳನ್ನು ಇದೇ ಕ್ರಮದಲ್ಲಿ ಮಾಡಿ. ಅಗ್ಗದವು ಮೊದಲು, ತಲೆಬಿಸಿಯವು ಆಮೇಲೆ.

ಉಳಿಕೆಯನ್ನು ಓದುವುದು

ಅಲೆ ನಿಜವಾಗಿ ಬಂದ ಸಮಯದಿಂದ ಲೆಕ್ಕ ಹೇಳಿದ ಸಮಯವನ್ನು ಕಳೆಯಿರಿ. ಮಿಕ್ಕಿದ್ದು ಉಳಿಕೆ. ಕಂಪನದ ಜಾಗ ಹುಡುಕುವ ಪ್ರೋಗ್ರಾಮ್‌ಗಳು ಇದನ್ನೇ ರೆಸಿಡ್ಯುಯಲ್ ಎಂದು ತೋರಿಸುತ್ತವೆ. ಪ್ಲಸ್ ಇದ್ದರೆ ಅಲೆ ತಡವಾಗಿ ಬಂದಿದೆ. ಮೈನಸ್ ಇದ್ದರೆ ಬೇಗ ಬಂದಿದೆ.

ಆ ಲೆಕ್ಕ ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ. ಹೆಚ್ಚಿನ ಪ್ರೋಗ್ರಾಮ್‌ಗಳಲ್ಲಿ ಮೊದಲೇ ತುಂಬಿಟ್ಟಿರುವುದು 1991ರ ಐಎಎಸ್‌ಪಿ91 ಎಂಬ ಮಾದರಿ, ಇಲ್ಲವೇ 1995ರ ಎಕೆ135. ಭೂಮಿಯೊಳಗಿನ ಯಾವ ಪದರ ಎಷ್ಟು ದಪ್ಪ, ಅದರಲ್ಲಿ ಅಲೆಯ ವೇಗ ಎಷ್ಟು ಎಂದು ಹೇಳುವ ಪಟ್ಟಿಗಳಿವು. ಎರಡರಲ್ಲೂ ಭೂಕವಚ, ಅಂದರೆ ಭೂಮಿಯ ಹೊರಗಿನ ಬಂಡೆಯ ಪದರ, 35 ಕಿಮೀ ದಪ್ಪ. ಮೇಲಿನ 20 ಕಿಮೀಯಲ್ಲಿ ಪಿ ಅಲೆ ಸೆಕೆಂಡಿಗೆ 5.8 ಕಿಮೀ ಓಡುತ್ತದೆ. ಅದರ ಕೆಳಗಿನ 15 ಕಿಮೀಯಲ್ಲಿ 6.5 ಕಿಮೀ. ಭೂಕವಚದ ಕೆಳಗಿನ ಪದರವಾದ ಮ್ಯಾಂಟಲ್ ಮುಟ್ಟಿದ ತಕ್ಷಣ 8.04 ಕಿಮೀ. ಟಿಬೆಟ್ಟಿಗೂ ಇದೇ, ಸಮುದ್ರದ ತಳಕ್ಕೂ ಇದೇ, ಮಲೆನಾಡಿಗೂ ಇದೇ. ಇಡೀ ಭೂಮಿಗೆ ಒಂದೇ ಅಳತೆಯ ರೆಡಿಮೇಡ್ ಅಂಗಿ. ಸಾವಿರಾರು ಕಿಮೀ ದೂರದಿಂದ ಬರುವ ಅಲೆಗಳಿಗೆ ಈ ಅಂಗಿ ಚೆನ್ನಾಗಿ ಹೊಂದುತ್ತದೆ. ಹತ್ತಿರದವಕ್ಕೆ ಭುಜದಲ್ಲಿ ಬಿಗಿ, ಸೊಂಟದಲ್ಲಿ ಸಡಿಲ.

ಗಡಿಯಾರವೇ? ಎಸ್ ಅಲೆಯನ್ನು ಕೇಳಿ

ಗಡಿಯಾರದ ತಪ್ಪುಗಳಲ್ಲಿ ಕೆಲವಕ್ಕೆ ಮುಖ ನೋಡಿದರೇ ಗುರುತು ಸಿಗುತ್ತದೆ. ಉಳಿಕೆ 19,800 ಸೆಕೆಂಡು ಎಂದು ಬಂದರೆ ಯಾರೋ ಭಾರತೀಯ ಸಮಯವನ್ನು ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣಿತ ಸಮಯ, ಎಂದು ತುಂಬಿದ್ದಾರೆ. ಐದೂವರೆ ಗಂಟೆಗೆ ಅಷ್ಟೇ ಸೆಕೆಂಡು. 18 ಸೆಕೆಂಡು ಬಂದರೆ ಜಿಪಿಎಸ್ ಸಮಯವನ್ನು ತಿದ್ದದೆ ಹಾಗೇ ಬಳಸಿದ್ದೀರಿ. 2017ರ ಜನವರಿ 1ರಿಂದ ಜಿಪಿಎಸ್ ಗಡಿಯಾರ ಯುಟಿಸಿಗಿಂತ 18 ಸೆಕೆಂಡು ಮುಂದಿದೆ. ದಿನಕ್ಕೆ ಸ್ವಲ್ಪ ಸ್ವಲ್ಪ ಬೆಳೆಯುತ್ತಾ ಹೋದರೆ ಉಪಗ್ರಹದ ಸಿಗ್ನಲ್ ಕಡಿದಿದೆ, ಒಳಗಿನ ಗಡಿಯಾರ ತನ್ನ ಪಾಡಿಗೆ ಜಾರುತ್ತಿದೆ.

ತೊಂದರೆ ಕೊಡುವುದು ಅರ್ಧ, ಒಂದು, ಒಂದೂವರೆ ಸೆಕೆಂಡಿನ ಸ್ಥಿರ ತಪ್ಪು. ಇದು ಗಡಿಯಾರದ್ದೂ ಆಗಬಹುದು, ನೆಲದ್ದೂ ಆಗಬಹುದು. ಬೇರ್ಪಡಿಸಲು ಸುಲಭದ ದಾರಿಯೊಂದಿದೆ. ಆಂಟೆನಾ ಕೊಳ್ಳುವ ಮೊದಲು ನಾನಿದನ್ನು ಮಾಡಬೇಕಿತ್ತು.

ಗಡಿಯಾರಕ್ಕೆ ಪಿ ಯಾವುದು, ಎಸ್ ಯಾವುದು ಎಂದು ಗೊತ್ತಿಲ್ಲ. ಅದು ಒಂದೂವರೆ ಸೆಕೆಂಡು ತಪ್ಪಿದ್ದರೆ ಪಿ ಅಲೆಯೂ ಅಷ್ಟೇ ತಡ, ಎಸ್ ಅಲೆಯೂ ಅಷ್ಟೇ ತಡ. ನೆಲ ಹಾಗಲ್ಲ. ಪಿ ಹಿಂದೆ ಬರುವ ಎಸ್ ಅಲೆ ನಿಧಾನದ ಪ್ರಾಣಿ. ಗಟ್ಟಿ ಬಂಡೆಯಲ್ಲಿ ಪಿ ವೇಗ ಎಸ್ ವೇಗದ 1.73ರಷ್ಟು ಇರುತ್ತದೆ. ಹಾಗಾಗಿ ಬಂಡೆ ಪಿ ಅಲೆಯನ್ನು ಒಂದು ಸೆಕೆಂಡು ತಡ ಮಾಡಿದರೆ ಎಸ್ ಅಲೆಯನ್ನು ಸುಮಾರು 1.7 ಸೆಕೆಂಡು ತಡ ಮಾಡುತ್ತದೆ.

ನಮ್ಮ ರೆಕಾರ್ಡ್‌ಗಳಲ್ಲಿ ಪಿ ಉಳಿಕೆ +1.5 ಇದ್ದಾಗ ಎಸ್ ಉಳಿಕೆ +2.6 ಆಸುಪಾಸು ಇತ್ತು. ಭಾಗಿಸಿ ನೋಡಿದಾಗ ಕುರ್ಚಿಗೆ ಒರಗಿ ಕೂತೆ. ಎರಡು ತಿಂಗಳು ಸುಮ್ನೆ ಹೋಗಿತ್ತು.

ನಾಲ್ಕಾರು ಸ್ಟೇಷನ್‌ಗಳ ದಾಖಲೆ ಕೈಯಲ್ಲಿದ್ದರೆ ಇನ್ನೂ ಚೆಂದದ ಪರೀಕ್ಷೆಯಿದೆ. ಜಪಾನಿನ ಭೂಕಂಪ ವಿಜ್ಞಾನಿ ಕಿಯೂ ವಾದಾತಿ ಹೇಳಿಕೊಟ್ಟ ಚಿತ್ರ. ಅಡ್ಡಕ್ಕೆ ಪಿ ಬಂದ ಸಮಯ, ಉದ್ದಕ್ಕೆ ಎಸ್ ಮತ್ತು ಪಿ ನಡುವಿನ ಅಂತರ. ಒಂದೊಂದು ಸ್ಟೇಷನ್ನಿಗೆ ಒಂದೊಂದು ಚುಕ್ಕಿ. ಚುಕ್ಕಿಗಳೆಲ್ಲ ಒಂದು ಓರೆಗೆರೆಯ ಮೇಲೆ ಬರಬೇಕು. ಓರೆ ಸುಮಾರು 0.73. ಗಡಿಯಾರ ಕೆಟ್ಟ ಸ್ಟೇಷನ್ನಿನ ಚುಕ್ಕಿ ಅಡ್ಡಕ್ಕೆ ಜರುಗಿ ಗೆರೆಯಿಂದ ಆಚೆ ನಿಲ್ಲುತ್ತದೆ. ಏಕೆಂದರೆ ಎಸ್‌ನಿಂದ ಪಿ ಕಳೆದಾಗ ಗಡಿಯಾರದ ತಪ್ಪು ವಜಾ ಆಗಿಬಿಡುತ್ತದೆ. ಆದರೆ ದಪ್ಪ ಭೂಕವಚದ ಸ್ಟೇಷನ್ನಿನ ಚುಕ್ಕಿ ಗೆರೆ ಬಿಡುವುದಿಲ್ಲ. ಗೆರೆಯ ಮೇಲೇ ಸ್ವಲ್ಪ ಮುಂದಕ್ಕೆ ಸರಿದಿರುತ್ತದೆ, ಅಷ್ಟೇ. ಗೆರೆಯಿಂದ ಆಚೆ ಇದ್ದರೆ ಗಡಿಯಾರ ನೋಡಿ, ಗೆರೆಯ ಮೇಲಿದ್ದರೆ ಆಂಟೆನಾ ಮುಟ್ಟಬೇಡಿ. ಗೆರೆಯನ್ನು ಕೆಳಕ್ಕೆ ಎಳೆದು ಸೊನ್ನೆ ಮುಟ್ಟಿಸಿದರೆ ಕಂಪನ ಆದ ಕ್ಷಣವೂ ಸಿಗುತ್ತದೆ. ಅದಕ್ಕೆ ಭೂಕವಚದ ದಪ್ಪ ಗೊತ್ತಿರಬೇಕಿಲ್ಲ. ಮುಂದೆ ಕಂಪನದ ಆಳದ ವಿಷಯ ಬಂದಾಗ ಇದು ಕೆಲಸಕ್ಕೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಒಂದು ಎಚ್ಚರಿಕೆ. ಈ 1.73 ಬಂಡೆಗೆ ಮಾತ್ರ. ಸ್ಟೇಷನ್ ಮೆತ್ತನೆ ಮಣ್ಣಿನ ಮೇಲಿದ್ದರೆ, ಗಂಗಾ ಬಯಲಿನ ಹಾಗೆ ಕಿಲೋಮೀಟರ್‌ಗಟ್ಟಲೆ ಹೂಳು ತುಂಬಿದ್ದರೆ, ಎಸ್ ಅಲೆ ಅಲ್ಲಿ ತೆವಳುತ್ತದೆ. ಹೂಳಿನಲ್ಲಿ ಪಿ ವೇಗ 2.5 ಕಿಮೀ, ಎಸ್ ವೇಗ 1 ಕಿಮೀ ಎಂದಿಟ್ಟುಕೊಳ್ಳಿ. ಒಂದೇ ಕಿಮೀ ದಪ್ಪ ಸಾಕು. ಬಂಡೆಗೆ ಹೋಲಿಸಿದರೆ ಪಿ ಸುಮಾರು ಕಾಲು ಸೆಕೆಂಡು ತಡವಾಗುತ್ತದೆ, ಎಸ್ ಮುಕ್ಕಾಲು ಸೆಕೆಂಡಿಗೆ ಹತ್ತಿರ. ಅನುಪಾತ ಮೂರಕ್ಕೆ ಹೋಯಿತು. 1.7ಕ್ಕಿಂತ ಬಹಳ ಜಾಸ್ತಿ ಕಂಡರೆ ಭೂಕವಚದ ಬುಡ ನೋಡುವ ಮೊದಲು ಸ್ಟೇಷನ್ನಿನ ಪಾದ ನೋಡಿ.

ಜಾಗ ಸರಿಯಾಗಿ ಬರೆದಿದ್ದೀರಾ?

ಇದು ಎರಡು ನಿಮಿಷದ ಕೆಲಸ. ಆದರೂ ಎಷ್ಟೋ ಜನ ಮಾಡುವುದಿಲ್ಲ. ಅಕ್ಷಾಂಶ 13 ಡಿಗ್ರಿ 56 ನಿಮಿಷ ಎಂದಿದ್ದದ್ದನ್ನು 13.56 ಎಂದು ಟೈಪ್ ಮಾಡಿದರೆ ಸ್ಟೇಷನ್ ದಕ್ಷಿಣಕ್ಕೆ 41 ಕಿಮೀ ಹಾರಿತು. ಸರಿಯಾದದ್ದು 13.933. ಈ ತಪ್ಪಿಗೆ ದಿಕ್ಕು ಇರುತ್ತದೆ. ಉತ್ತರದಿಂದ ಬಂದ ಅಲೆ ಲೆಕ್ಕಕ್ಕಿಂತ ಬೇಗ, ದಕ್ಷಿಣದಿಂದ ಬಂದದ್ದು ಅಷ್ಟೇ ತಡ, ಪೂರ್ವ ಪಶ್ಚಿಮದವು ಸರಿ. ಉಳಿಕೆಯ ಚಿಹ್ನೆ ಎದುರು ದಿಕ್ಕಿನಲ್ಲಿ ಹೀಗೆ ಅಡಿಮೇಲಾದರೆ ಗೂಗಲ್ ಮ್ಯಾಪ್ ತೆಗೆದು ನಿಮ್ಮ ಕಟ್ಟಡದ ಮೇಲೆ ಬೆರಳಿಡಿ.

ಯಾವ ಅಲೆಗೆ ಗುರುತು ಹಾಕಿದಿರಿ?

ಇಲ್ಲಿ ಸ್ವಲ್ಪ ನಿಲ್ಲಬೇಕು. ಪಿ ಅಲೆ ಒಂದೇ ದಾರಿಯಲ್ಲಿ ಬರುವುದಿಲ್ಲ. ಭೂಕವಚದೊಳಗೇ ನೇರವಾಗಿ ಬರುವುದನ್ನು ಪಿಜಿ ಎನ್ನುತ್ತಾರೆ. ಕೆಳಗಿಳಿದು, ಮ್ಯಾಂಟಲ್ ತಲೆಯ ಮೇಲೆ ಓಡಿ, ಮತ್ತೆ ಮೇಲೆ ಬರುವುದು ಪಿಎನ್. ಊರಿನಿಂದ ಊರಿಗೆ ಹೋಗುವಾಗ ಹಳೇ ರಸ್ತೆಯಲ್ಲೇ ಹೋಗಬಹುದು, ಇಲ್ಲವೇ ಸುತ್ತು ಹಾಕಿ ಹೈವೇ ಹತ್ತಬಹುದು, ಅಲ್ವಾ? ಹತ್ತಿರದ ಊರಿಗೆ ಹಳೇ ರಸ್ತೆಯೇ ಬೇಗ. ದೂರದ ಊರಿಗೆ ಹೈವೇ. ಎಷ್ಟು ದೂರಕ್ಕೆ ಹೈವೇ ಗೆಲ್ಲುತ್ತದೆ ಎನ್ನುವುದು ಹೈವೇ ಎಷ್ಟು ಆಳದಲ್ಲಿದೆ ಎನ್ನುವುದರ ಮೇಲೆ ನಿಂತಿದೆ.

ಭೂಕವಚದಲ್ಲಿ ಸರಾಸರಿ ವೇಗ 6.3, ಮ್ಯಾಂಟಲ್ ತಲೆಯಲ್ಲಿ 8.1 ಎಂದು ಇಟ್ಟುಕೊಂಡು ಲೆಕ್ಕ ಹಾಕಿದೆ. ಕಂಪನದ ಮೂಲ ನೆಲದ ಮೇಲೇ ಇದೆ ಅಂದುಕೊಳ್ಳಿ. ಭೂಕವಚ 35 ಕಿಮೀ ಇದ್ದರೆ ಸುಮಾರು 200 ಕಿಮೀ ದಾಟಿದ ಮೇಲೆ ಪಿಎನ್ ಮೊದಲು ಬರುತ್ತದೆ. 50 ಕಿಮೀ ಇದ್ದರೆ ಸುಮಾರು 280 ಕಿಮೀವರೆಗೂ ಪಿಜಿಯೇ ಮೊದಲು.

ಹಾಗಾದರೆ 240 ಕಿಮೀ ದೂರದ ಸ್ಟೇಷನ್ ತೆಗೆದುಕೊಳ್ಳಿ. 35 ಕಿಮೀ ನಂಬಿದ ಪ್ರೋಗ್ರಾಮ್ ಹೇಳುತ್ತದೆ: ಮೊದಲ ಅಲೆ ಪಿಎನ್, 36.6 ಸೆಕೆಂಡಿಗೆ ಬರಬೇಕು. ನಿಜವಾದ ನೆಲ 50 ಕಿಮೀ ದಪ್ಪ. ಅಲ್ಲಿ ಪಿಎನ್ ಬರುವುದು 39.6ಕ್ಕೆ. ಅದಕ್ಕೂ ಮೊದಲು 38.1ಕ್ಕೇ ಪಿಜಿ ಬಂದಿರುತ್ತದೆ. ನೀವು ಪಿಜಿಗೆ ಗುರುತು ಹಾಕಿ ಪಿಎನ್ ಎಂದು ಹೆಸರಿಟ್ಟಿರಿ. ಉಳಿಕೆ +1.5. ಗುರುತು ಹಾಕಿದ ಜಾಗ ತಪ್ಪಲ್ಲ, ಇಟ್ಟ ಹೆಸರು ತಪ್ಪು.

ಕೊಯ್ನಾ ನಮಗೆ 430 ಕಿಮೀ. ಅಷ್ಟು ದೂರದಲ್ಲಿ ಪಿಎನ್‌ಗೂ ಪಿಜಿಗೂ ಎಂಟು ಸೆಕೆಂಡಿನಷ್ಟು ಅಂತರ ಇರುತ್ತದೆ. ಹೆಸರು ಅದಲುಬದಲಾಗಿದ್ದರೆ ಉಳಿಕೆ ಎಂಟರ ಹತ್ತಿರ ಇರಬೇಕಿತ್ತು. ಹಾಗಾಗಿ ನಮ್ಮ ಒಂದೂವರೆಗೆ ಇದು ಕಾರಣವಲ್ಲ. ಆದರೆ ಎಸ್ ಅಲೆಯಲ್ಲಿ ನಾನು ಎಡವಿದ್ದು ನಿಜ. ಮ್ಯಾಂಟಲ್ ತಲೆಯಲ್ಲಿ ಬರುವ ಎಸ್‌ಎನ್ ಸಣ್ಣದು. ಅದರ ಹಿಂದೆ ಭೂಕವಚದೊಳಗೆ ಪುಟಿದು ಪುಟಿದು ಬರುವ ಎಲ್‌ಜಿ ದೊಡ್ಡದು, ಕಣ್ಣಿಗೆ ಹೊಡೆಯುತ್ತದೆ. ಶುರುವಿನಲ್ಲಿ ಎಲ್‌ಜಿಯನ್ನೇ ಎಸ್ ಎಂದು ಬರೆದು ಉಳಿಕೆ 18 ಸೆಕೆಂಡು ಬರಿಸಿಕೊಂಡಿದ್ದೆ. ಮೇಲೆ ಹೇಳಿದ ಜಿಪಿಎಸ್‌ನ 18 ಸೆಕೆಂಡೇ ಇದು ಎಂದು ಅವತ್ತು ಮಧ್ಯಾಹ್ನವೆಲ್ಲ ನಂಬಿಕೊಂಡಿದ್ದೆ. ಎರಡು ಬೇರೆ ಬೇರೆ ತಪ್ಪಿಗೆ ಒಂದೇ ಅಂಕಿ ಬಂದರೆ ಎಂಥವರೂ ಮೋಸ ಹೋಗುತ್ತಾರೆ.

ಗದ್ದಲದ ವಿಷಯವೂ ಇಲ್ಲೇ ಬರುತ್ತದೆ. ಜೂನ್‌ನಲ್ಲಿ ಮಳೆಗಾಲ ಶುರುವಾದರೆ ಅರಬ್ಬೀ ಸಮುದ್ರದ ಅಬ್ಬರ ಇಲ್ಲಿಯ ರೆಕಾರ್ಡ್‌ನಲ್ಲೂ ಕಾಣುತ್ತದೆ. ಗೀಟು ಉದ್ದಕ್ಕೂ ಅಲೆಅಲೆಯಾಗಿ ತೂಗುತ್ತಿರುತ್ತದೆ. ಪಿಎನ್‌ನ ಮೊದಲ ತುದಿ ಸೂಜಿ ಚುಚ್ಚಿದಷ್ಟು ಸಣ್ಣದು. ಅದು ಈ ತೂಗಾಟದಲ್ಲಿ ಮುಳುಗಿ, ಎರಡನೇ ಮೂರನೇ ಏರಿಕೆ ಮಾತ್ರ ಕಣ್ಣಿಗೆ ಬೀಳುತ್ತದೆ. ಗದ್ದಲದಲ್ಲಿ ಗುರುತು ಹಾಕುವ ತಪ್ಪು ಆ ಕಡೆ ಈ ಕಡೆ ಸಮ ಸಮ ಬೀಳುವುದಿಲ್ಲ. ಹೆಚ್ಚಾಗಿ ತಡದ ಕಡೆಗೇ ಬೀಳುತ್ತದೆ. ಪರೀಕ್ಷೆ ಸುಲಭ. ದೊಡ್ಡ ಕಂಪನಗಳಿಗೆ ಉಳಿಕೆ ಕಡಿಮೆ, ಸಣ್ಣವಕ್ಕೆ ಜಾಸ್ತಿ ಆಗಿದ್ದರೆ ನಿಮ್ಮ ಕಣ್ಣಿನ ತಪ್ಪು. ಬೇಸಿಗೆಯಲ್ಲಿ ಕಡಿಮೆ, ಮಳೆಗಾಲದಲ್ಲಿ ಜಾಸ್ತಿ ಆಗಿದ್ದರೂ ಅದೇ. ನಮ್ಮದು ದೊಡ್ಡದಕ್ಕೂ ಸಣ್ಣದಕ್ಕೂ, ಮಾರ್ಚ್‌ನಲ್ಲೂ ಆಗಸ್ಟ್‌ನಲ್ಲೂ ಒಂದೇ ಇತ್ತು.

ಭೂಕವಚ ಎಷ್ಟು ತಡ ಮಾಡುತ್ತದೆ?

ಇಷ್ಟೆಲ್ಲ ದಾಟಿ ಬಂದರೂ ಉಳಿಕೆ ಕರಗಲಿಲ್ಲವೆಂದರೆ ಈಗ ನೆಲದ ಮೇಲೆ ಅನುಮಾನ ಪಡಬಹುದು.

ಭೂಕವಚದ ತಳದ ಗಡಿಯನ್ನು ಮೋಹೋ ಎನ್ನುತ್ತೇವೆ. 1909ರ ಅಕ್ಟೋಬರ್ 8ರಂದು ಕ್ರೊಯೇಷಿಯಾದ ಜಾಗ್ರೆಬ್ ಹತ್ತಿರ, ಕುಪಾ ಕಣಿವೆಯಲ್ಲಿ ಭೂಕಂಪ ಆಯಿತು. ಅಲ್ಲಿಯ ವಿಜ್ಞಾನಿ ಆಂದ್ರಿಯಾ ಮೊಹೊರೊವಿಚಿಚ್ ಅದರ ರೆಕಾರ್ಡ್‌ಗಳನ್ನು ಹರಡಿಕೊಂಡು ಕೂತರು. ಒಂದು ಪಿ ಇರಬೇಕಾದ ಕಡೆ ಎರಡು ಕಂಡವು. ಹಳೇ ರಸ್ತೆ, ಹೈವೇ ಎರಡೂ ಇವೆ ಎಂದು ಮೊದಲು ತೋರಿಸಿದ್ದು ಅವರು. ಅವತ್ತು ಅವರ ಲೆಕ್ಕಕ್ಕೆ ಸಿಕ್ಕ ದಪ್ಪ 54 ಕಿಮೀ. ಅವರ ಹೆಸರನ್ನೇ ಮೊಟಕು ಮಾಡಿ ಮೋಹೋ ಎಂದಿದ್ದು.

ಈ ಮೋಹೋ ಒಂದೇ ಮಟ್ಟದಲ್ಲಿ ಇಲ್ಲ. ಸಾಗರದ ತಳದಲ್ಲಿ ಭೂಕವಚ ಬರೀ 7 ಕಿಮೀ ಆಸುಪಾಸು. ಖಂಡಗಳಲ್ಲಿ 35ರಿಂದ 40. ಟಿಬೆಟ್ ಕೆಳಗೆ 70 ಕಿಮೀ.

ಪಿಎನ್ ವಿಷಯದಲ್ಲಿ ನೆನಪಿಡಲು ಸುಲಭದ ಲೆಕ್ಕ ಹೇಳುತ್ತೇನೆ. ಮೇಲಿನ ವೇಗಗಳನ್ನೇ ಇಟ್ಟುಕೊಂಡರೆ, ಒಂದು ಕಡೆ ಭೂಕವಚ ಒಂದು ಕಿಮೀ ದಪ್ಪವಾದರೆ ಪಿಎನ್ 0.1 ಸೆಕೆಂಡು ತಡ. ಹತ್ತು ಕಿಮೀ ದಪ್ಪಕ್ಕೆ ಒಂದು ಸೆಕೆಂಡು. ಎಸ್‌ಎನ್‌ಗೆ ಅದೇ ಹತ್ತು ಕಿಮೀ 1.7 ಸೆಕೆಂಡು. ಅಲೆ ಇಳಿಯುವ ಕಡೆಯೂ ದಪ್ಪ, ಏರುವ ಕಡೆಯೂ ದಪ್ಪ ಆದರೆ ಎರಡನ್ನೂ ಕೂಡಿ.

ಬಹಳ ದೂರದ, ಅಂದರೆ ಸುಮಾತ್ರಾ, ಜಪಾನ್ ಕಡೆಯ ಭೂಕಂಪದ ಅಲೆ ಕೆಳಗಿನಿಂದ ಹೆಚ್ಚೂಕಡಿಮೆ ನೆಟ್ಟಗೆ ಬರುತ್ತದೆ. ಅದಕ್ಕೆ ಅದೇ ಹತ್ತು ಕಿಮೀ ಹೆಚ್ಚು ದಪ್ಪದಿಂದ ಆಗುವ ತಡ 0.35 ಸೆಕೆಂಡಿನಷ್ಟು ಮಾತ್ರ. ಒಂದೇ ಸ್ಟೇಷನ್ನು, ಒಂದೇ ಭೂಕವಚ, ಆದರೆ ಅಲೆ ಬರುವ ಓರೆಗೆ ತಕ್ಕಂತೆ ಮೂರು ಪಟ್ಟು ವ್ಯತ್ಯಾಸ. ಗಡಿಯಾರ ಹೀಗೆ ಪಕ್ಷಪಾತ ಮಾಡುವುದಿಲ್ಲ.

ನಮ್ಮಲ್ಲಿ ಇನ್ನೂ ವಿಚಿತ್ರ ಕಂಡಿತು. ಕೊಯ್ನಾ ಅಲೆ ತಡ. ಸುಮಾತ್ರಾ ಅಲೆ ತಡವೂ ಅಲ್ಲ, ಸ್ವಲ್ಪ ಬೇಗವೇ ಬರುತ್ತಿತ್ತು. ಒಂದೇ ಗಡಿಯಾರ ಒಂದೇ ವಾರದಲ್ಲಿ ಹಿಂದೆಯೂ ಮುಂದೆಯೂ ಹೇಗೆ ಇರುತ್ತದೆ? ಉತ್ತರ ಮ್ಯಾಂಟಲ್‌ನಲ್ಲಿದೆ.

ಎತ್ತರ ತಪ್ಪಿದೆಯೋ, ಓರೆ ತಪ್ಪಿದೆಯೋ

ಉಳಿಕೆಯನ್ನು ದೂರದ ಎದುರು ಚುಕ್ಕಿ ಹಾಕಿ. ಅಡ್ಡಕ್ಕೆ ಕಂಪನದ ದೂರ, ಉದ್ದಕ್ಕೆ ಪಿಎನ್ ಉಳಿಕೆ. ನನ್ನ ಮಟ್ಟಿಗೆ ಈ ಇಡೀ ಕೆಲಸದಲ್ಲಿ ಅತಿ ಹೆಚ್ಚು ವಿಷಯ ಹೇಳುವ ಚಿತ್ರ ಇದೇ.

ಚುಕ್ಕಿಗಳು ಸೊನ್ನೆಗಿಂತ ಮೇಲೆ, ಆದರೆ ಮಟ್ಟಸವಾಗಿ ಇದ್ದರೆ ಭೂಕವಚದ ದಪ್ಪ ತಪ್ಪಿದೆ. ಹೈವೇ ಹತ್ತಲು, ಇಳಿಯಲು ಆಗುವ ತಡ ಪ್ರಯಾಣ ಎಷ್ಟು ಉದ್ದ ಎನ್ನುವುದರ ಮೇಲೆ ನಿಂತಿಲ್ಲ. ಚುಕ್ಕಿಗಳು ದೂರ ಹೋದಂತೆ ಕೆಳಗೆ ಇಳಿಯುತ್ತಿದ್ದರೆ ಹೈವೇ ನೀವು ಅಂದುಕೊಂಡದ್ದಕ್ಕಿಂತ ವೇಗವಾಗಿದೆ. ಮ್ಯಾಂಟಲ್ ತಲೆ ತಣ್ಣಗೆ, ಗಟ್ಟಿಯಾಗಿದೆ. ಮೇಲೇರುತ್ತಿದ್ದರೆ ಅದು ಬಿಸಿ, ನಿಧಾನ.

ಹಳೇ ಗಟ್ಟಿ ನೆಲದಲ್ಲಿ ಎರಡೂ ಒಟ್ಟಿಗೆ ಬರುತ್ತವೆ. ಭೂಕವಚ ದಪ್ಪ, ಮ್ಯಾಂಟಲ್ ವೇಗ. ಎರಡೂ ತುದಿಯಲ್ಲಿ 50 ಕಿಮೀ ಭೂಕವಚ, ಮ್ಯಾಂಟಲ್ ವೇಗ 8.3 ಎಂದಿಟ್ಟು, 35 ಕಿಮೀ ಮತ್ತು 8.1ರ ಮಾದರಿಗೆ ಹೋಲಿಸಿದೆ. ಸರಳವಾಗಲಿ ಎಂದು ಭೂಮಿಯ ಗುಂಡಗಿನ ಲೆಕ್ಕ ಬಿಟ್ಟಿದ್ದೇನೆ. 400 ಕಿಮೀಗೆ ಉಳಿಕೆ +2.2. 1000 ಕಿಮೀಗೆ +0.4. ಸುಮಾರು 1100 ದಾಟಿದ ಮೇಲೆ ಸೊನ್ನೆ. 1500ಕ್ಕೆ −1.1. ಹತ್ತಿರದವರಿಗೆ ತಡ, ದೂರದವರಿಗೆ ಬೇಗ. ಯಾರಾದರೂ 1100 ಕಿಮೀ ದೂರದ ಕಂಪನಗಳನ್ನು ಮಾತ್ರ ನೋಡಿದ್ದರೆ ಮಾದರಿ ಅಚ್ಚುಕಟ್ಟಾಗಿದೆ ಎಂದು ಸರ್ಟಿಫಿಕೇಟ್ ಕೊಟ್ಟುಬಿಡುತ್ತಿದ್ದರು.

ನಮ್ಮ ಕಾಲಡಿ

1970ರ ದಶಕದಲ್ಲಿ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ, ಅಂದರೆ ಎನ್‌ಜಿಆರ್‌ಐನವರು ಆಂಧ್ರದ ಕಾವಲಿಯಿಂದ ನಮ್ಮ ಉಡುಪಿಯವರೆಗೆ, ಸುಮಾರು 600 ಕಿಮೀ ಉದ್ದಕ್ಕೆ ಸ್ಫೋಟ ಮಾಡಿ ಮಾಡಿ ನೆಲದ ಆಳ ಅಳೆದರು. ಈ ಬಗೆಯ ಆಳದ ಅಳತೆ ಭಾರತದಲ್ಲಿ ಅದೇ ಮೊದಲು. ಪೂರ್ವದಲ್ಲಿ ಮೋಹೋ 34 ಕಿಮೀ ಸುಮಾರಿಗೆ, ಪಶ್ಚಿಮದ ಕಡೆ 41 ಕಿಮೀಗೆ ಇಳಿಯುತ್ತದೆ ಎಂದು ತೋರಿತು. ಆಮೇಲೆ ಬೇರೆ ವಿಧಾನಗಳಲ್ಲಿ ನೋಡಿದವರಿಗೆ ಧಾರವಾಡ ಕ್ರೇಟಾನ್ ಎನ್ನುವ ಹಳೇ ಗಟ್ಟಿ ನೆಲದ ಪಶ್ಚಿಮ ಭಾಗದ ಕೆಳಗೆ 50 ಕಿಮೀ ತನಕವೂ ದಪ್ಪ ಸಿಕ್ಕಿದೆ. ಪೂರ್ವ ಭಾಗದಲ್ಲಿ 35ರ ಆಚೀಚೆ. ಎರಡರ ನಡುವಿನ ಗಡಿ ಚಿತ್ರದುರ್ಗದ ಆಸುಪಾಸಿನಲ್ಲಿ ಉತ್ತರ ದಕ್ಷಿಣವಾಗಿ ಹಾದುಹೋಗುತ್ತದೆ. ರಾಮನಗರದ ಬಂಡೆಗಳ ಸಾಲು ಕ್ಲೋಸ್‌ಪೇಟೆ ಗ್ರಾನೈಟ್‌ಗೆ ಸೇರಿದ್ದು. ಅದೂ ಇದೇ ಸೀಮೆಯಲ್ಲಿ ಉದ್ದಕ್ಕೆ ಮಲಗಿದೆ. ಬಸ್ಸಿನಲ್ಲಿ ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಬರುವಾಗ ಕಿಟಕಿಯಿಂದ ಏನೂ ಗೊತ್ತಾಗುವುದಿಲ್ಲ. ಕೆಳಗೆ ಮಾತ್ರ ಮೋಹೋ ಹತ್ತು ಕಿಮೀ ಇಳಿದಿರುತ್ತದೆ.

ಹಾಗಾಗಿ ಐಎಎಸ್‌ಪಿ91 ಗೌರಿಬಿದನೂರಿಗೆ ಹೆಚ್ಚೂಕಡಿಮೆ ಹೊಂದುತ್ತದೆ, ಮಲೆನಾಡಿಗೆ ಹೊಂದುವುದಿಲ್ಲ. ಈ ಗಡಿಯ ಮೇಲೆ ಒಂದು ಸಣ್ಣ ಕಂಪನ ಆಯಿತು ಎನ್ನಿ. ಪೂರ್ವದ ಸ್ಟೇಷನ್‌ಗಳಿಗೆ ಪಿಎನ್ ಸರಿಯಾದ ಸಮಯಕ್ಕೆ ಬರುತ್ತದೆ. ಪಶ್ಚಿಮದವಕ್ಕೆ ಒಂದು ಸೆಕೆಂಡು ತಡ. ಪ್ರೋಗ್ರಾಮ್‌ಗೆ ಭೂಕವಚದ ಸುದ್ದಿ ಗೊತ್ತಿಲ್ಲ. ಪಶ್ಚಿಮದವರಿಗೆ ತಡವಾದ್ದರಿಂದ ಕಂಪನ ಅವರಿಂದ ದೂರ ಇರಬೇಕು ಎಂದುಕೊಂಡು ಕೇಂದ್ರಬಿಂದುವನ್ನು ಪೂರ್ವಕ್ಕೆ ನಾಲ್ಕು ಕಿಮೀ ತಳ್ಳಿ, ಉಳಿಕೆ ಸಮ ಮಾಡಿ, ಖುಷಿಯಾಗಿ ಕೂರುತ್ತದೆ. ಪರದೆಯ ಮೇಲೆ ಎಲ್ಲ ಅಚ್ಚುಕಟ್ಟು. ನಾಲ್ಕು ಕಿಮೀ ಎಂದರೆ ಬೇರೆ ಊರು. ಟಿವಿಯವರು ಕ್ಯಾಮೆರಾ ಹಿಡಿದು ಹೋಗುವುದು ಆ ಊರಿಗೆ.

ಕರಾವಳಿಯಲ್ಲಿ ಇನ್ನೂ ಕಷ್ಟ. ಪಶ್ಚಿಮಕ್ಕೆ ಬರೀ ಸಮುದ್ರ, ಒಂದೂ ಸ್ಟೇಷನ್ ಇಲ್ಲ. ಎಲ್ಲ ಸ್ಟೇಷನ್‌ಗಳೂ ಒಂದೇ ಕಡೆ ಇದ್ದಾಗ ತಪ್ಪನ್ನು ಹಿಡಿದು ನಿಲ್ಲಿಸುವವರು ಯಾರೂ ಇರುವುದಿಲ್ಲ. ಪ್ರೋಗ್ರಾಮ್ ತೋರಿಸುವ ಗ್ಯಾಪ್, ಅಂದರೆ ಕಂಪನದ ಸುತ್ತ ಸ್ಟೇಷನ್ ಇಲ್ಲದ ದೊಡ್ಡ ಖಾಲಿ ಕೋನ, 180 ಡಿಗ್ರಿ ದಾಟಿದ್ದರೆ ಆ ಕೇಂದ್ರಬಿಂದುವನ್ನು ನಾನು ಪೆನ್ಸಿಲ್‌ನಲ್ಲೇ ಬರೆಯುತ್ತೇನೆ.

ಜಾಗವೂ ಗೊತ್ತು, ಸಮಯವೂ ಗೊತ್ತು

ಭೂಕಂಪದಲ್ಲಿ ದೊಡ್ಡ ತಲೆನೋವು ಎಂದರೆ ಅದು ಎಲ್ಲಿ, ಯಾವಾಗ ಆಯಿತು ಎನ್ನುವುದೇ ಲೆಕ್ಕದಿಂದ ಬಂದ ಅಂಕಿ. ತಪ್ಪು ನೆಲದ್ದೋ ಜಾಗದ್ದೋ ಎಂದು ಹೇಳುವುದು ಹೇಗೆ? ಜಾಗ, ಸಮಯ ಎರಡೂ ಮೊದಲೇ ಗೊತ್ತಿರುವ ಒಂದು ಏಟು ಬೇಕು.

1961ರ ಡಿಸೆಂಬರ್ 10ರಂದು ಅಮೆರಿಕಕ್ಕೆ ಅಂಥದ್ದು ಸಿಕ್ಕಿತು. ನ್ಯೂ ಮೆಕ್ಸಿಕೊದ ಕಾರ್ಲ್ಸ್‌ಬ್ಯಾಡ್ ಹತ್ತಿರ, ಉಪ್ಪಿನ ಪದರದೊಳಗೆ ಸುಮಾರು 360 ಮೀಟರ್ ಆಳದಲ್ಲಿ ನೋಮ್ ಎಂಬ ಹೆಸರಿನ ಪರಮಾಣು ಸ್ಫೋಟ ಮಾಡಿದರು. ಮೂರು ಕಿಲೋಟನ್ ಸುಮಾರು. ಮೊದಲೇ ತಿಳಿಸಿದ್ದರಿಂದ ಭೂಕಂಪ ಓದುವವರು ಉಪಕರಣ ಹಿಡಿದು ಕಾದಿದ್ದರು. ಅಲೆ ಪೂರ್ವಕ್ಕೂ ಓಡಿತು, ಪಶ್ಚಿಮಕ್ಕೂ ಓಡಿತು. ಒಂದೇ ದೂರದಲ್ಲಿ ಪೂರ್ವದ ಸ್ಟೇಷನ್‌ಗಳಿಗೆ ಪಶ್ಚಿಮದವಕ್ಕಿಂತ ಹಲವು ಸೆಕೆಂಡು ಮೊದಲೇ ತಲುಪಿತು. ಗಡಿಯಾರ ಬೈಯುವ ಹಾಗಿರಲಿಲ್ಲ, ಜಾಗ ಬೈಯುವ ಹಾಗಿರಲಿಲ್ಲ. ಅಮೆರಿಕದ ಪೂರ್ವಾರ್ಧ ಹಳೇ ತಣ್ಣನೆ ನೆಲ. ಪಶ್ಚಿಮಾರ್ಧದ ಕೆಳಗೆ ಮ್ಯಾಂಟಲ್ ಬಿಸಿ. ಅಲ್ಲಿ ಪಿಎನ್ 7.8, 7.9ರಲ್ಲೇ ಏದುಸಿರು ಬಿಡುತ್ತದೆ.

1965ರ ಅಕ್ಟೋಬರ್ 29ರಂದು ಅಲಾಸ್ಕಾದ ಅಮ್ಚಿಟ್ಕಾ ದ್ವೀಪದಲ್ಲಿ ಲಾಂಗ್ ಶಾಟ್ ಎಂಬ ಸ್ಫೋಟ ಆಯಿತು. ಜಗತ್ತಿನ ಸ್ಟೇಷನ್‌ಗಳ ಸಮಯ ಸೇರಿಸಿ ಜಾಗ ಹುಡುಕಿದರೆ ಅದು ನಿಜವಾದ ಜಾಗಕ್ಕಿಂತ ಇಪ್ಪತ್ತು ಕಿಮೀಗೂ ಹೆಚ್ಚು ಉತ್ತರಕ್ಕೆ ಬಂತು. ದ್ವೀಪದ ಕೆಳಗೆ ಉತ್ತರದ ಕಡೆಗೆ ಇಳಿಯುವ ತಣ್ಣನೆ ಸಾಗರ ಫಲಕವಿದೆ. ಅದರೊಳಗೆ ಹೋದ ಅಲೆ ಬೇಗ ಹೋಯಿತು. ಎಲ್ಲ ತಡಕ್ಕೂ, ಎಲ್ಲ ಅವಸರಕ್ಕೂ ಭೂಕವಚವನ್ನೇ ಹೊಣೆ ಮಾಡಬಾರದು ಎನ್ನುವುದಕ್ಕೆ ಇದನ್ನು ಹೇಳಿದೆ.

ನಮಗೆ ಪರಮಾಣು ಸ್ಫೋಟ ಬೇಡ. ಕಲ್ಲುಕ್ವಾರಿ ಸಾಕು. ಹತ್ತಿರದ ಕ್ವಾರಿಯಲ್ಲಿ ಮದ್ದು ಸಿಡಿಸುವ ಹೊತ್ತಿಗೆ ಕ್ವಾರಿಯ ಅಂಚಿನಲ್ಲೇ ಜಿಪಿಎಸ್ ಸಮಯ ಬರೆಯುವ ಸಣ್ಣ ಉಪಕರಣ ಇಟ್ಟರೆ ಏಟಿನ ಕ್ಷಣ ಸಿಗುತ್ತದೆ. ಅದು ಮೋಹೋ ತನಕ ಹೋಗಿ ನಮಗೆ ಕಾಣುವಷ್ಟು ದೊಡ್ಡದಲ್ಲ, ನಿಜ. ಆದರೆ ಸ್ಟೇಷನ್ನಿನ ಗಡಿಯಾರವನ್ನೂ ಮೇಲ್ಭಾಗದ ಬಂಡೆಯ ವೇಗವನ್ನೂ ಒಂದೇ ಏಟಿಗೆ ಪರೀಕ್ಷೆ ಮಾಡುತ್ತದೆ. ನಮ್ಮದು ಅಲ್ಲಿ ಪಾಸಾಯಿತು. ಹತ್ತಿರದ ಏಟಿಗೆ ಉಳಿಕೆ ಸೊನ್ನೆ, ಕೊಯ್ನಾಗೆ ಒಂದೂವರೆ. ತಡ ಆಗುತ್ತಿರುವುದು ಆಳದಲ್ಲಿ ಎಂದಾಯಿತು.

ದಪ್ಪವನ್ನೇ ನೇರ ಅಳೆಯುವುದೂ ಸಾಧ್ಯ. ದೂರದ ದೊಡ್ಡ ಭೂಕಂಪದ ಪಿ ಅಲೆ ಮೋಹೋ ದಾಟುವಾಗ ಅದರ ಒಂದು ಪಾಲು ಎಸ್ ಆಗಿ ಬದಲಾಗುತ್ತದೆ. ಅದು ಪಿ ಹಿಂದೆ ಸ್ವಲ್ಪ ತಡವಾಗಿ ಮೇಲೆ ಬರುತ್ತದೆ. ಭೂಕವಚ 35 ಕಿಮೀ ಇದ್ದರೆ ಈ ಅಂತರ 4.2 ಸೆಕೆಂಡು. 50 ಇದ್ದರೆ 6 ಸೆಕೆಂಡು. ಇದಕ್ಕೆ ಗಡಿಯಾರ ಸರಿ ಇರಬೇಕೆಂದೇ ಇಲ್ಲ, ಎರಡೂ ಒಂದೇ ರೆಕಾರ್ಡ್‌ನಲ್ಲಿ ಇರುತ್ತವೆ. ಒಳ್ಳೆಯ ಭೂಕಂಪಗಳು ಹತ್ತಿಪ್ಪತ್ತು ಸೇರುವವರೆಗೆ ಕಾಯುವ ತಾಳ್ಮೆ ಬೇಕು.

ಸರಿಪಡಿಸುವುದು

ಮೊದಲು ಏನು ಮಾಡಬಾರದು ಎಂದು ಹೇಳುತ್ತೇನೆ. ಉಳಿಕೆಯನ್ನು ಆಳದೊಳಗೆ ಹೂಳಬೇಡಿ. ಆಳವನ್ನು ಪ್ರೋಗ್ರಾಮ್‌ನ ಇಷ್ಟಕ್ಕೆ ಬಿಟ್ಟರೆ ಅದು ಭೂಕವಚದ ತಪ್ಪನ್ನೆಲ್ಲ ಆಳಕ್ಕೂ ಕಂಪನದ ಸಮಯಕ್ಕೂ ಹಂಚಿ ಕೈತೊಳೆದುಕೊಳ್ಳುತ್ತದೆ. ಉಳಿಕೆ ಕಡಿಮೆಯಾಗುತ್ತದೆ, ಆಳ ಹಾಳಾಗುತ್ತದೆ. ಅದಕ್ಕೇ ಹತ್ತಿರದ ಸ್ಟೇಷನ್ ಇಲ್ಲದಾಗ ಆಳವನ್ನು ಕಟ್ಟಿಹಾಕುವ ರೂಢಿ. ಸುದ್ದಿಯಲ್ಲಿ ಆಳ 10 ಕಿಮೀ ಎಂದು ಪದೇ ಪದೇ ಓದುತ್ತೀರಲ್ಲ, ಬಹಳ ಸಲ ಅದು ಅಳೆದ ಆಳವಲ್ಲ, ಕಟ್ಟಿಹಾಕಿದ ಗೂಟ. ಹಿಂದಿನ ಪಟ್ಟಿಗಳಲ್ಲಿ ಈ ಗೂಟ 33 ಕಿಮೀ ಇತ್ತು. ಆಗ ಬಳಸುತ್ತಿದ್ದ, ಅಲೆಗಳ ಪ್ರಯಾಣದ ಸಮಯ ಹೇಳುವ ಜೆಫ್ರೀಸ್ ಮತ್ತು ಬುಲ್ಲೆನ್ ಕೋಷ್ಟಕದಲ್ಲಿ ಭೂಕವಚದ ದಪ್ಪ ಅಷ್ಟು. ನೀವು ಕಟ್ಟಿದ್ದು ಸರಿಯೇ ಎಂದು ನೋಡಲು ವಾದಾತಿ ಚಿತ್ರದಿಂದ ಬಂದ ಕಂಪನದ ಸಮಯವನ್ನು ಪ್ರೋಗ್ರಾಮ್ ಕೊಟ್ಟ ಸಮಯದ ಪಕ್ಕ ಇಡಿ. ಒಂದು ಸೆಕೆಂಡಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಏನೋ ಎಲ್ಲೋ ಹೂತುಹೋಗಿದೆ.

ಸರಿಯಾದ ದಾರಿ ಎಂದರೆ ನಿಮ್ಮ ಸೀಮೆಗೆ ಹೊಂದುವ ಮಾದರಿ ಹಾಕುವುದು. ಕಂಪನಗಳು ಸಾಕಷ್ಟು ಸಂಗ್ರಹವಾಗಿದ್ದರೆ ವೆಲೆಸ್ಟ್‌ನಂಥ ಪ್ರೋಗ್ರಾಮ್ ಪದರಗಳ ವೇಗವನ್ನೂ ಪ್ರತಿ ಸ್ಟೇಷನ್ನಿನ ತಿದ್ದುಪಡಿಯನ್ನೂ ಒಟ್ಟಿಗೆ ಹುಡುಕಿಕೊಡುತ್ತದೆ. ಒಂದೇ ಜಾಗದಲ್ಲಿ ಗುಂಪಾಗಿ ಆಗುವ ಕಂಪನಗಳಿಗೆ ಹೈಪೋಡಿಡಿ ಒಳ್ಳೆಯದು. ಅಕ್ಕಪಕ್ಕದ ಎರಡು ಕಂಪನಗಳ ಅಲೆ ಒಂದೇ ದಾರಿಯಲ್ಲಿ ಬರುವುದರಿಂದ ಒಂದರ ಸಮಯದಿಂದ ಇನ್ನೊಂದನ್ನು ಕಳೆದಾಗ ಭೂಕವಚದ ತಪ್ಪು ಹೆಚ್ಚಿನಂಶ ವಜಾ ಆಗುತ್ತದೆ. ಕೊಯ್ನಾದಂಥ ಕಡೆಗೆ ಹೇಳಿ ಮಾಡಿಸಿದ ಹಾಗೆ. ಆದರೆ ಕಂಪನಗಳು ಒಂದಕ್ಕೊಂದು ಎಲ್ಲಿವೆ ಎಂದಷ್ಟೇ ಅದು ಚೆನ್ನಾಗಿ ಹೇಳುತ್ತದೆ. ಇಡೀ ಗುಂಪು ಎಲ್ಲಿದೆ ಎನ್ನುವುದಕ್ಕೆ ಅದನ್ನು ನೆಚ್ಚಿಕೊಳ್ಳಬೇಡಿ.

ನಮ್ಮಂಥ ಒಂಟಿ ಸ್ಟೇಷನ್ನಿಗೆ ಉಳಿದಿದ್ದು ಸ್ಟೇಷನ್ ತಿದ್ದುಪಡಿ. ಕೊಯ್ನಾ ದಾರಿಯ ತಡವನ್ನೆಲ್ಲ ನಮ್ಮ ಸ್ಟೇಷನ್ನಿನ ತಲೆಗೆ ಕಟ್ಟುವುದು ಸರಿಯಲ್ಲ, ಅಲೆ ಇಳಿಯುವ ಕಡೆಯ ಭೂಕವಚದ ಪಾಲೂ ಅದರಲ್ಲಿದೆ. ಬೇರೆ ದಿಕ್ಕಿನ ಪಿಎನ್‌ಗಳನ್ನೂ ನೋಡಿ ನಮ್ಮ ಪಾಲು 0.9 ಸೆಕೆಂಡು ಎಂದು ತೀರ್ಮಾನಿಸಿದೆ. ಪಿಎನ್‌ಗೆ ಒಂದು ತಿದ್ದುಪಡಿ, ದೂರದ ಪಿ ಅಲೆಗೆ ಬೇರೆ. ಎರಡಕ್ಕೂ ಒಂದೇ ಅಂಕಿ ಹಾಕಿದರೆ ಸುಮಾತ್ರಾದ್ದು ಕೆಡುತ್ತದೆ.

0.9 ಎಂದು ಫೈಲಿನಲ್ಲಿ ಬರೆದು ಪ್ರೋಗ್ರಾಮ್ ಓಡಿಸಿದೆ. ಉಳಿಕೆ 0.6ಕ್ಕೆ ಇಳಿಯಬೇಕಿತ್ತು. 2.4 ಬಂತು. ಮತ್ತೆ ತಾರಸಿಗೆ ಹೋಗಿ ಆಂಟೆನಾ ನೋಡುವ ಆಸೆ ಆಯಿತು, ಸುಳ್ಳು ಯಾಕೆ ಹೇಳಲಿ. ಕೆಲವು ಪ್ರೋಗ್ರಾಮ್‌ಗಳು ತಿದ್ದುಪಡಿಯನ್ನು ಲೆಕ್ಕದ ಸಮಯಕ್ಕೆ ಕೂಡುತ್ತವೆ, ಕೆಲವು ಬಂದ ಸಮಯಕ್ಕೆ ಕೂಡುತ್ತವೆ. ನಮ್ಮದು ಎರಡನೇ ಜಾತಿ. ಫೈಲು ತೆರೆದು 0.9ರ ಹಿಂದೆ ಒಂದು ಮೈನಸ್ ಹಾಕಿದೆ.